ಬಿಯೊಂಡಿ-ಸಾಂಟಿ ಬ್ರುನೆಲ್ಲೊ 2016: ಹುತ್ತರಿಗೆ ತೆಗೆಯಬಹುದಾ, ಇನ್ನೂ ಇಡಬೇಕಾ?

ತೋಟದಮನೆ, ವಿರಾಜಪೇಟೆ
ಇಟಲಿಯಿಂದ ಬಂದ ಒಂದು ಕೆಂಪು ವೈನ್ ಬಾಟಲಿ ಇದೆ. ಲೇಬಲ್ ಮೇಲೆ ಬಿಯೊಂಡಿ-ಸಾಂಟಿ, ತೆನೂತಾ ಗ್ರೆಪ್ಪೊ, ಬ್ರುನೆಲ್ಲೊ ದಿ ಮೊಂಟಾಲ್ಚೀನೊ 2016. "ರಿಸೆರ್ವಾ" ಅಂತ ಬರೆದಿಲ್ಲ. ಸದ್ಯ ಅಡುಗೆಮನೆ ಪಕ್ಕದ ಕಪಾಟಿನಲ್ಲಿ ನಿಲ್ಲಿಸಿಟ್ಟಿದೆ. ಹುತ್ತರಿಗೆ ತೆಗೆದರೆ ಬೇಗ ಆಯಿತಾ? ಅಲ್ಲಿಯವರೆಗೆ ಎಲ್ಲಿಡೋದು? ಪಂದಿ ಕರಿಗೆ ಹೊಂದುತ್ತಾ?

ಮಂಜಿನೂರು, ಮಡಿಕೇರಿ
ಮೊದಲು ಆ ಕಪಾಟಿನಿಂದ ತೆಗೀರಿ. ವೈನಿಗೆ 12ರಿಂದ 14 ಡಿಗ್ರಿ ಒಳ್ಳೆಯದು, ಆದರೆ ಅದಕ್ಕಿಂತ ಮುಖ್ಯ ಏರಿಳಿತ ಇಲ್ಲದಿರೋದು. ಒಲೆ ಉರಿದಾಗಲೆಲ್ಲ ಒಳಗಿನ ವೈನ್ ಹಿಗ್ಗಿ ಬಿರಡೆಯನ್ನು ದೂಡುತ್ತೆ, ತಣ್ಣಗಾದಾಗ ಗಾಳಿ ಎಳ್ಕೊಳ್ಳುತ್ತೆ. ಅಟ್ಟವೂ ಬೇಡ, ಮಾರ್ಚ್ ಬಂತೆಂದರೆ ಹೆಂಚಿನ ಕೆಳಗೆ ಕಾವು ತಡೆಯಲ್ಲ. ಹೊರಗೋಡೆಗೆ ತಾಗದ, ಬಿಸಿಲು ಬೀಳದ ಕೋಣೆಯ ಅಲಮಾರಿನ ಕೆಳಗಿನ ಅರೆಯಲ್ಲಿ ಅಡ್ಡ ಮಲಗಿಸಿ. ಬಿರಡೆ ಒದ್ದೆಯಾಗಿರಬೇಕು, ಒಣಗಿದರೆ ಕುಗ್ಗಿ ಸಂದಿ ಬಿಡುತ್ತೆ. ಫ್ರಿಡ್ಜಿನ ಗಾಳಿ ಒಣ, ಹಾಗಾಗಿ ಒಂದೆರಡು ತಿಂಗಳಿಗೆ ಪರವಾಗಿಲ್ಲ, ವರ್ಷಗಟ್ಟಲೆ ಬೇಡ. ನಮ್ಮ ಮಳೆಗಾಲದ ತೇವ ಬಿರಡೆಗೆ ಒಳ್ಳೆಯದೇ, ಬೂಸಲು ಹಿಡಿಯೋದು ಲೇಬಲ್‌ಗೆ. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಸಾಕು.

ತೆಗೆಯೋ ವಿಷಯಕ್ಕೆ ಬಂದರೆ, ಇದು ಅವಸರದ ವೈನ್ ಅಲ್ಲ. ಬ್ರುನೆಲ್ಲೊ ಪೂರ್ತಿ ಸಾಂಜೊವೇಸೆ ದ್ರಾಕ್ಷಿಯದ್ದೇ ಆಗಿರಬೇಕು, ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿರಬೇಕು, ಕೊಯ್ಲಾದ ಐದನೇ ವರ್ಷದ ಜನವರಿ 1ಕ್ಕೆ ಮುಂಚೆ ಮಾರೋ ಹಾಗಿಲ್ಲ. ರಿಸೆರ್ವಾಗೆ ಇನ್ನೂ ಒಂದು ವರ್ಷ ಜಾಸ್ತಿ. ಇದನ್ನು ಮಾಡೋ ಗ್ರೆಪ್ಪೊ ಎಸ್ಟೇಟಿನವರು ದೊಡ್ಡ ಸ್ಲಾವೋನಿಯನ್ ಓಕ್ ಪೀಪಾಯಿಯನ್ನೇ ನೆಚ್ಚಿಕೊಂಡವರು, ಆದ್ದರಿಂದ ಸಣ್ಣ ಹೊಸ ಪೀಪಾಯಿಯ ವೆನಿಲ್ಲಾ ಘಮ ಇದರಲ್ಲಿ ಹುಡುಕಬೇಡಿ. ಹುಳಿ ಗಟ್ಟಿ ಇರೋದ್ರಿಂದ ಬಾಳಿಕೆ ಬರುತ್ತೆ. ಈ ಹುತ್ತರಿಗೆ ಕುಡಿಯಬಹುದು, ಇನ್ನೂ ಹತ್ತು ವರ್ಷ ಇಟ್ಟರೂ ನಷ್ಟವಿಲ್ಲ, ಇಡೋ ಜಾಗ ಸರಿಯಿದ್ದರೆ ಮಾತ್ರ. ಜಾಗ ಇಲ್ಲದಿದ್ದರೆ ಈ ವರ್ಷವೇ ತೆಗೆಯಿರಿ.

ಬಿರಡೆ
ಮಂಜಿನೂರು ಹೇಳಿದ್ದು ಸರಿ. ಮನೆತನದ್ದೂ ಒಂದು ಮಾತು ಸೇರಿಸ್ತೀನಿ. 1888ರ ಬ್ರುನೆಲ್ಲೊ ಮಾಡಿದವರು ಫೆರುಚ್ಚೊ ಬಿಯೊಂಡಿ-ಸಾಂಟಿ. ಸುತ್ತಲಿನವರು ಬೇಗ ಕುಡಿಯೋ ತೆಳು ವೈನಿನ ಹಿಂದೆ ಬಿದ್ದಿದ್ದಾಗ ಇವರು ಸಾಂಜೊವೇಸೆಯ ಒಳ್ಳೆಯ ಬಳ್ಳಿಗಳನ್ನೇ ಆರಿಸಿ, ಬೇರೆ ದ್ರಾಕ್ಷಿ ಬೆರೆಸದೆ, ವರ್ಷಗಟ್ಟಲೆ ಇಡೋ ವೈನ್ ಮಾಡಿದರು. ಬಿಬಿಎಸ್ (ಬ್ರುನೆಲ್ಲೊ ಬಿಯೊಂಡಿ ಸಾಂಟಿ) 11 ಅನ್ನೋ ಬಳ್ಳಿ ತಳಿಗೆ ಮನೆತನದ ಹೆಸರೇ ಇದೆ. 2013ರಲ್ಲಿ ತೀರಿಕೊಂಡ ಅವರ ಮೊಮ್ಮಗ ಫ್ರಾಂಕೊ ಈ ಶೈಲಿ ಬಿಡಲಿಲ್ಲ. ಈಗ ಎಸ್ಟೇಟ್ ಫ್ರಾನ್ಸಿನ ಇಪಿಐ ಅನ್ನೋ ಕಂಪನಿ ಕೈಯಲ್ಲಿದೆ.

ತೆಗೆಯೋದಕ್ಕೆ ಫ್ರಾಂಕೊ ಹೇಳ್ತಿದ್ದ ಕ್ರಮವೇ ಸಾಕು. ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂರಲಿ. ಕುಡಿಯೋ ದಿನ ಎಂಟು ಗಂಟೆ ಮುಂಚೆ ಬಿರಡೆ ತೆಗೆದು, ಕತ್ತಿನಲ್ಲಿರೋ ಸ್ವಲ್ಪ ವೈನ್ ಲೋಟಕ್ಕೆ ಸುರಿದು, ಮಟ್ಟವನ್ನು ಬಾಟಲಿಯ ಭುಜಕ್ಕೆ ಇಳಿಸಿ ಹಾಗೇ ತೆರೆದಿಡಿ. ಬಾಯಿ ಕಿರಿದು, ಒಳಗೆ ಮೇಲ್ಮೈ ಅಗಲ, ಹಾಗಾಗಿ ಗಾಳಿ ನಿಧಾನಕ್ಕೆ ಆಡುತ್ತೆ. ಜಗ್ಗಿಗೆ ಬಗ್ಗಿಸಿದರೆ ಒಂದೇ ಸಲ ಗಾಳಿ ಹೊಡೆದು ಪರಿಮಳ ಹಾರಿಹೋಗುತ್ತೆ. 18 ಡಿಗ್ರಿಯಲ್ಲಿ ಕುಡೀರಿ. ಹುತ್ತರಿ ಹೊತ್ತಿಗೆ ನಿಮ್ಮ ಕೋಣೆಯೇ ಹೆಚ್ಚುಕಡಿಮೆ ಅಷ್ಟಿರುತ್ತೆ.

ಆ ಮೊದಲ ಲೋಟದಲ್ಲೇ ಮೂಸಿ ನೋಡಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ, ಎಷ್ಟು ಹೊತ್ತು ತೆರೆದಿಟ್ಟರೂ ಹೋಗಲ್ಲ. ಆದರೆ ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆ ಕೆಂಪು ಅಂತ ಗಾಬರಿ ಬೇಡ, ಸಾಂಜೊವೇಸೆ ಗುಣವೇ ಅದು. ನಾಲಿಗೆ ಹಿಡಿಯೋ ಒಗರೂ ಕೆಟ್ಟ ಲಕ್ಷಣ ಅಲ್ಲ. ನಮ್ಮ ಮನೆ ವೈನಿನ ಸಕ್ಕರೆ ರೂಢಿಯಾದವರಿಗೆ ಮೊದಲ ಗುಟುಕು ಕಷ್ಟ, ಅಷ್ಟೇ.

ಕಚಂಪುಳಿ
ಪಂದಿ ಕರಿ ಜೊತೆ ಬೇಡ ಅನ್ನೋದು ನನ್ನ ಅಭಿಪ್ರಾಯ. ವೈನಿಗಿಂತ ಊಟ ಹೆಚ್ಚು ಹುಳಿಯಿದ್ದರೆ ವೈನ್ ಸಪ್ಪೆ ಅನಿಸುತ್ತೆ, ಪಂದಿ ಕರಿಗೆ ಹಾಕೋ ಕಚಂಪುಳಿಯ ಕಡು ಹುಳಿ ಮುಂದೆ ಯಾವ ವೈನೂ ನಿಲ್ಲಲ್ಲ. ಮೇಲೆ ಹಸಿಮೆಣಸು, ಕಾಳುಮೆಣಸು ಸೇರಿದರೆ ಒಗರು, ಮದ್ಯದ ಉರಿ ಎರಡೂ ಏರುತ್ತೆ. ಉಪ್ಪು, ಸ್ವಲ್ಪ ಕಾಳುಮೆಣಸಿನಲ್ಲಿ ಸುಟ್ಟ ಕುರಿ ಮಾಂಸ ಮಾಡಿ.

ಬಿರಡೆ
ಹುತ್ತರಿಗೆ ಪಂದಿ ಬಿಡಿ ಅಂದರೆ ಯಾರು ಕೇಳ್ತಾರೆ? ಡ್ರೈ ಫ್ರೈ ಮಾಡಿ. ಹಸಿಮೆಣಸು ಬೇಡ, ಕಚಂಪುಳಿ ಕಾಲು ಭಾಗಕ್ಕೆ ಇಳಿಸಿ, ಹುರಿದ ಮಸಾಲೆ ಹಾಗೇ ಇರಲಿ. ಮಾಂಸ, ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತೆ. ಕಡಂಬಿಟ್ಟು ಜೊತೆಗಿದ್ದರೆ ಅಡ್ಡಿಯಿಲ್ಲ, ಅಕ್ಕಿಗೆ ತನ್ನದೇ ಗಲಾಟೆ ಇಲ್ಲ.

ಕಚಂಪುಳಿ
ಅಷ್ಟು ಇಳಿಸಿದ ಮೇಲೆ ಅದು ಪಂದಿ ಕರಿನಾ? ಆದರೂ ಒಪ್ಪಿದೆ.

ಏಲಕ್ಕಿ, ಸೋಮವಾರಪೇಟೆ
ನಡುವೆ ಒಂದು ಪ್ರಶ್ನೆ. ಈ ದ್ರಾಕ್ಷಿ ನಮ್ಮಲ್ಲಿ ಬೆಳೆಯಬಹುದಾ?

ಮಂಜಿನೂರು, ಮಡಿಕೇರಿ
ವೈನಿಗಾಗಿ ಬೇಡ. ಮಹಾರಾಷ್ಟ್ರದ ಅಕ್ಲೂಜ್ ಕಡೆ ಸಾಂಜೊವೇಸೆ ಇದೆ, ಅದು ಒಣ ಸೀಮೆ. ನಮ್ಮ ಜೂನ್, ಜುಲೈ ಮಳೆಗೆ ಬೂಜುರೋಗ ಎಲೆಯನ್ನೇ ತಿಂದುಹಾಕುತ್ತೆ.

ತೋಟದಮನೆ, ವಿರಾಜಪೇಟೆ
ಮಲಗಿಸಿ ಇಟ್ಟಾಯಿತು, ಡ್ರೈ ಫ್ರೈ ಅಂತ ತೀರ್ಮಾನ. ಉಳಿದರೆ?

ಬಿರಡೆ
ಬಿರಡೆ ಹಾಕಿ ಫ್ರಿಡ್ಜಿನಲ್ಲಿ ನಿಲ್ಲಿಸಿಡಿ, ಎರಡು ಮೂರು ದಿನ ಚೆನ್ನಾಗಿರುತ್ತೆ. ಕುಡಿಯೋ ಒಂದು ಗಂಟೆ ಮುಂಚೆ ಹೊರಗಿಡಿ. ತಳದ ಒಂದು ಬೆರಳು ಗಸಿ ಸುರೀಬೇಡಿ.