ಹುಣಸೆ ಮರದ ಗಂಟುಗಡ್ಡೆಯಿಂದ ಕಿರುಬಾಯಿಯ ಅಲಂಕಾರಿಕ ಪಾತ್ರೆ: ಹಸಿಯಾಗಿರುವಾಗಲೇ ಕಡೆಯಬೇಕೇ, ಒಣಗಿಸಿ ಕಡೆಯಬೇಕೇ?

ತುಮಕೂರಿನ ಹವ್ಯಾಸಿ:

ಮಾನ್ಯರೇ, ಮುಂಗಾರಿಗೆ ಮೊದಲು ಬೀಸಿದ ಗಾಳಿಗೆ ನಮ್ಮ ಹೊಲದ ಬದುವಿನ ಹಳೆಯ ಹುಣಸೆ ಮರ ಉರುಳಿತು. ಅದರ ಕಾಂಡದ ಮೇಲೆ ಕುಂಬಳಕಾಯಿಯಂತೆ ಉಬ್ಬಿದ್ದ, ಇಂಗ್ಲಿಷಿನಲ್ಲಿ ಬರ್ ಎಂದು ಕರೆಯುವ ಗಂಟುಗಡ್ಡೆಯನ್ನು ಕೊಯ್ಯಿಸಿ, ಮೂರು ವಾರಗಳಿಂದ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟಿದ್ದೇನೆ. ಅದು ಸುಮಾರು 28 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರವಿದೆ. ಇದರಿಂದ 24 ಸೆಂ.ಮೀ. ಅಗಲದ ಒಡಲು, 3 ಸೆಂ.ಮೀ. ಬಾಯಿ ಇರುವ ಪಾತ್ರೆಯೊಂದನ್ನು ಕಡೆಯುವ ಆಸೆ ನನ್ನದು.

ಬಟ್ಟಲುಗಳನ್ನು ಕಡೆದ ಅನುಭವ ನನಗಿದೆ; ಆದರೆ ಹೋದ ವರ್ಷ ಮಾವಿನ ಮರದಲ್ಲಿ ಪ್ರಯತ್ನಿಸಿದ ಮೊದಲ ಕಿರುಬಾಯಿಯ ಪಾತ್ರೆಯ ಭುಜ ಒಣಗುವಾಗ ಸೀಳಿತು, ಎರಡನೆಯದರ ತಳವನ್ನು ನಾನೇ ಕೊರೆದು ತೂತು ಮಾಡಿಬಿಟ್ಟೆ. ಇಂತಹ ಗಡ್ಡೆ ಮತ್ತೆ ಸಿಗುವುದಿಲ್ಲವಾದ್ದರಿಂದ ಕೈ ಹಚ್ಚುವ ಮೊದಲು ಕೇಳುತ್ತಿದ್ದೇನೆ. ಹಸಿಯಲ್ಲೇ ತೆಳುವಾಗಿ ಮುಗಿಸುವುದು ಲೇಸೇ, ದಪ್ಪವಾಗಿ ಕಡೆದು ಒಣಗಿಸಿ ಮತ್ತೆ ಕಡೆಯುವುದು ಲೇಸೇ? ಒಳಗೆ ಕಣ್ಣಿಗೆ ಕಾಣದಿರುವಾಗ ಗೋಡೆಯ ದಪ್ಪವನ್ನು ತಿಳಿಯುವುದು ಹೇಗೆ? ಕೊನೆಯಲ್ಲಿ ಚನ್ನಪಟ್ಟಣದ ಬೊಂಬೆಗಳಂತೆ ಅರಗಿನ ಬಣ್ಣ ಹಾಕಬಹುದೇ?

ಸಾಗರದ ಮರಗೆಲಸದವರು:

ನಿಮ್ಮ ಮಾವಿನ ಪಾತ್ರೆ ಸೀಳಿದ್ದಕ್ಕೂ ಈ ಗಡ್ಡೆಗೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ನೇರ ನಾರಿನ ಮರ ಒಣಗುವಾಗ ನಾರಿನ ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಆ ಎಳೆದಾಟದಿಂದಲೇ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ ಅಥವಾ ಸೀಳುತ್ತದೆ. ಗಂಟುಗಡ್ಡೆಯಲ್ಲಿ ಚಿಗುರಲಾಗದೆ ಉಳಿದ ಮೊಗ್ಗುಗಳ ಸುತ್ತ ನಾರು ಎಲ್ಲ ದಿಕ್ಕಿಗೂ ಸುತ್ತಿಕೊಂಡಿರುವುದರಿಂದ ಉದ್ದನೆಯ ಸೀಳು ಓಡಲು ದಾರಿ ಸಿಗುವುದಿಲ್ಲ. ಬದಲಿಗೆ ಮೇಲ್ಮೈ ಅಲ್ಲಲ್ಲಿ ಸುಕ್ಕುಗಟ್ಟುತ್ತದೆ, ತೊಗಟೆ ಸೇರಿಕೊಂಡಿರುವ ಕಡೆ ಸಣ್ಣ ಬಿರುಕುಗಳು ತೆರೆದುಕೊಳ್ಳುತ್ತವೆ.

ನಾನಾದರೆ ಎರಡು ಬಾರಿ ಕಡೆಯುತ್ತೇನೆ. ಗೋಡೆಯನ್ನು ಅಗಲದ ಹತ್ತನೇ ಒಂದು ಭಾಗದಷ್ಟು, ಅಂದರೆ ನಿಮ್ಮ ಪಾತ್ರೆಗೆ ಸುಮಾರು 24 ಮಿ.ಮೀ. ದಪ್ಪ ಬಿಟ್ಟು, ಹೊರಗೆಲ್ಲ ಮೇಣ ಸವರಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಗಾಳಿಯಾಡುವ ನೆರಳಿನಲ್ಲಿಡಿ. ವಾರಕ್ಕೊಮ್ಮೆ ತೂಗಿ ದಿನಾಂಕದೊಂದಿಗೆ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆಯೇ ಮತ್ತೆ ಮರವನ್ನು ತಿರುಗಿಸುವ ಯಂತ್ರವಾದ ಲೇತ್‌ಗೆ ಏರಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ತಿಂಗಳುಗಳೇ ಬೇಕು, ನಿಮ್ಮ ಬಯಲುಸೀಮೆಯಲ್ಲಿ ಅಷ್ಟು ತಡವಾಗದು.

ಇನ್ನೊಂದು ಮಾತು: ಕಾಂಡಕ್ಕೆ ಅಂಟಿದ್ದ ಬದಿಯನ್ನೇ ತಳವಾಗಿಸಿ. ಅಲ್ಲಿ ನಾರು ಹೆಚ್ಚು ನೇರವಾಗಿರುವುದರಿಂದ ಚಕ್, ಅಂದರೆ ಮರವನ್ನು ಹಿಡಿದು ತಿರುಗಿಸುವ ದವಡೆ, ಕಚ್ಚುವ ಹಿಡಿ ಮುರಿಯುವ ಭಯ ಕಡಿಮೆ; ಉಬ್ಬಿದ ಹೊರಬದಿ ಪಾತ್ರೆಯ ಭುಜವಾಗಿ, ಮೊಗ್ಗುಗಳಿಂದ ಮೂಡಿದ ಅದರ ಕಣ್ಣಿನಂತಹ ಗುರುತುಗಳೆಲ್ಲ ನೋಡುವವರ ಎದುರಿಗೆ ಬರುತ್ತವೆ.

ಮೆಲ್ಬರ್ನ್‌ನ ಕನ್ನಡಿಗ:

ಸಾಗರದವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಇಲ್ಲಿ ನಾವು ಹೆಚ್ಚಾಗಿ ಕಡೆಯುವುದು ನೀಲಗಿರಿಯ ಕುಲಕ್ಕೆ ಸೇರಿದ ಮ್ಯಾಲಿ ಮರಗಳ ಗಂಟುಗಡ್ಡೆಗಳನ್ನು. ಅವು ಒಣಗಿದ ಮೇಲೆ ಕಲ್ಲಿನಂತಾಗುತ್ತವೆ. ಕಿರುಬಾಯಿಯೊಳಗೆ ಉದ್ದ ಚಾಚಿದ ಉಳಿ ಆಗ ಅದುರುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಒಣಗಿದ ಹುಣಸೆಯೂ ಅಷ್ಟೇ ಗಟ್ಟಿ. ಒರಳಿಗೂ ಗಾಣಕ್ಕೂ ನಮ್ಮ ಹಿರಿಯರು ಅದನ್ನು ಬಳಸಿದ್ದು ಆ ಗಟ್ಟಿತನಕ್ಕಾಗಿಯೇ. ಆದ್ದರಿಂದ ಹಸಿಯಲ್ಲಿಯೇ 5–6 ಮಿ.ಮೀ. ಗೋಡೆಗೆ ಇಳಿಸಿ ಮುಗಿಸುವುದು ನನ್ನ ರೂಢಿ. ತೆಳುವಾದ ಗೋಡೆ ಒಂದೇ ಸಮನೆ ಒಣಗುತ್ತದೆ, ಮೇಲ್ಮೈಯಲ್ಲಿ ಮೂಡುವ ಸುಕ್ಕನ್ನು ನಾನು ದೋಷವೆಂದು ಎಣಿಸುವುದಿಲ್ಲ. ಕಿರಿದಾದ ಬಾಯಿಯ ಮೂಲಕ ಬಾಗಿದ ಉಳಿಯಿಂದ ಒಳಗನ್ನು ಟೊಳ್ಳು ಮಾಡುವ ಈ ಕಲೆಯನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ಪ್ರಮುಖರಾದ ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಅವರೂ ಹಸಿ ಮರವನ್ನೇ ತೆಳುವಾಗಿ ಕಡೆದವರು.

ವಿಧಾನ ಯಾವುದಾದರೂ ಕೊರೆಯುವ ಅನುಕ್ರಮವೇ ಮುಖ್ಯ. ಹೊರಗಿನ ಆಕಾರ ಮುಗಿದ ಮೇಲೆ, ಒಳಗಿನ ತಳಕ್ಕಿಂತ ಒಂದು ಸೆಂಟಿಮೀಟರ್ ಮೊದಲೇ ನಿಲ್ಲುವಂತೆ ಡ್ರಿಲ್‌ನಿಂದ ನಡುವೆ ತೂತು ಕೊರೆಯಿರಿ. ಆಳದ ಅಂದಾಜು ತಪ್ಪಿ ತಳ ತೂತಾಗುವುದನ್ನು ಅದು ತಪ್ಪಿಸುತ್ತದೆ. ನಂತರ ಬಾಯಿಯಿಂದ ಕೆಳಗೆ ಎರಡು ಮೂರು ಸೆಂಟಿಮೀಟರ್‌ನಷ್ಟು ಭಾಗವನ್ನು ಕೊನೆಯ ದಪ್ಪಕ್ಕೆ ತಂದ ಮೇಲೆಯೇ ಮುಂದಿನ ಭಾಗಕ್ಕೆ ಹೋಗಿ. ಕೆಳಗಿನ ಮರ ತೆಗೆದ ಮೇಲೆ ಮತ್ತೆ ಭುಜಕ್ಕೆ ಬಂದರೆ ಆಧಾರ ಕಳೆದುಕೊಂಡ ಗೋಡೆ ಅದುರಿ ಉಳಿಯನ್ನು ಕಚ್ಚಿಕೊಳ್ಳುತ್ತದೆ. ಬಾಗಿದ ಉಳಿಯ ನೇರ ಭಾಗ ಮಾತ್ರ ಟೂಲ್ ರೆಸ್ಟ್, ಅಂದರೆ ಉಳಿಗೆ ಆಧಾರವಾಗುವ ಪಟ್ಟಿಯ ಮೇಲೆ ಕೂರಬೇಕು. ಬಾಗು ಅದರ ಮೇಲೆ ಬಂದರೆ ಉಳಿ ಕೈಯಲ್ಲೇ ತಿರುಚಿಕೊಳ್ಳುತ್ತದೆ. ಹೊಟ್ಟು ತುಂಬಿದಾಗಲೆಲ್ಲ ಲೇತ್ ನಿಲ್ಲಿಸಿ ಖಾಲಿ ಮಾಡಿ. ದಪ್ಪವನ್ನು ಅಳೆಯಲು ಬಾಗಿಸಿದ ತಂತಿಯ ಕ್ಯಾಲಿಪರ್ ಸಾಕು. ಕೈ ಪಳಗಿದ ಮೇಲೆ, ಗೋಡೆ ತೆಳುವಾಗುತ್ತಿರುವುದನ್ನು ಉಳಿಯ ದನಿಯೇ ನಿಮಗೆ ಹೇಳುತ್ತದೆ.

ವೇಗದ ವಿಷಯದಲ್ಲಿ ದಯವಿಟ್ಟು ಅವಸರಪಡಬೇಡಿ. ಇಂಚುಗಳಲ್ಲಿ ಅಳೆದ ಅಗಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ಒಳಗಿರಬೇಕೆಂಬುದು ಸಾಮಾನ್ಯ ಲೆಕ್ಕ. ನಿಮ್ಮ ಪಾತ್ರೆಗೆ ಅದು ಸುಮಾರು 630ರಿಂದ 950 ಸುತ್ತು. ಗಡ್ಡೆ ದುಂಡಗಾಗುವವರೆಗೆ ಅದರ ಅರ್ಧಕ್ಕಿಂತಲೂ ಕಡಿಮೆಯಿರಲಿ. ತೊಗಟೆಯ ತುಂಡು ಯಾವ ಕ್ಷಣದಲ್ಲಾದರೂ ಸಿಡಿಯಬಹುದಾದ್ದರಿಂದ ಮುಖಕವಚವಿಲ್ಲದೆ ಎದುರಿಗೆ ನಿಲ್ಲಬೇಡಿ. ಒಳಗನ್ನು ಕೊರೆಯುವಾಗ ಹೊರಮೈಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಇನ್ನೂ ಒಳ್ಳೆಯದು.

ಚನ್ನಪಟ್ಟಣದಿಂದ:

ಅರಗಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಕೆಲಸಕ್ಕೆ ಹಾಲೆ ಮರ ಒಗ್ಗುವುದು ಅದರ ಬಿಳಿಯ, ನುಣುಪಾದ, ರಂಧ್ರ ಕಾಣದ ಮೈಯಿಂದಾಗಿ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಹರಡುತ್ತದೆ, ತಾಳೆಗರಿಯಿಂದ ಒತ್ತಿ ಉಜ್ಜಿದಾಗ ಹೊಳಪು ಬರುತ್ತದೆ. ಗಂಟುಗಡ್ಡೆಯ ಕುಳಿಗಳಲ್ಲಿ ಅರಗು ಮುದ್ದೆಗಟ್ಟುತ್ತದೆ, ಗರಿ ಅಲ್ಲಿಗೆ ಸಿಕ್ಕಿ ಹರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಷ್ಟು ತೆಳುವಾದ ಗೋಡೆ ಆ ಬಿಸಿಯನ್ನೂ ಒತ್ತಡವನ್ನೂ ತಾಳುವುದು ಕಷ್ಟ. ದೇವರು ಕೊಟ್ಟ ಆ ಕಣ್ಣುಗಳ ಮೇಲೆ ಬಣ್ಣ ಬಳಿಯಲು ನನಗಂತೂ ಮನಸ್ಸು ಬಾರದು.

ಪೂರ್ತಿ ಒಣಗಿದ ಮೇಲೆ ಒರಟಾದ 120ರಿಂದ ನುಣುಪಾದ 400ರವರೆಗಿನ ಉಪ್ಪುಕಾಗದ ಹಾಕಿ, ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ನಾಲ್ಕೈದು ಬಾರಿ, ಪ್ರತಿ ಬಾರಿಯೂ ಒಣಗಲು ಬಿಟ್ಟು ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ತುಮಕೂರಿನ ಹವ್ಯಾಸಿ:

ಎಲ್ಲರಿಗೂ ಕೃತಜ್ಞತೆಗಳು. ಹೊರಮೈಯನ್ನು ದುಂಡಗೆ ಮಾಡಿದಾಗ ಭುಜದ ಹತ್ತಿರ ಹೆಬ್ಬೆರಳಿನಷ್ಟು ತೊಗಟೆ ಒಳಗೆ ಸೇರಿಕೊಂಡಿರುವುದು ಕಂಡಿತು. ಆ ಜಾಗದಲ್ಲಿ 5 ಮಿ.ಮೀ. ಗೋಡೆಗೆ ಇಳಿಯುವ ಧೈರ್ಯ ಬರಲಿಲ್ಲವಾದ್ದರಿಂದ ಸಾಗರದವರ ದಾರಿಯನ್ನೇ ಹಿಡಿದೆ. ಮೆಲ್ಬರ್ನ್‌ನವರು ಹೇಳಿದಂತೆ ಮೊದಲು ನಡುತೂತು ಕೊರೆದು, ಮೇಲಿನಿಂದ ಭಾಗ ಭಾಗವಾಗಿ ಒಳಗನ್ನು ತೆಗೆದಿದ್ದೇನೆ. ತಳ ಈ ಬಾರಿ ಉಳಿದಿದೆ. ಮೇಣ ಸವರಿ ಸುತ್ತಿಡುವ ಮೊದಲು ಇಂದು ತೂಗಿದಾಗ 3 ಕೆ.ಜಿ. 200 ಗ್ರಾಂ ಇತ್ತು. ತೂಕ ನಿಂತ ವಾರ ಇಲ್ಲಿಯೇ ಬರೆಯುತ್ತೇನೆ.