ಪದಚರ್ಚೆ: ‘ಸೌಂಡ್ ಪ್ರೂಫ್’ ಎಂಬ ಒಂದೇ ಮಾತಿನೊಳಗೆ ಸಿಕ್ಕಿಬಿದ್ದ ಎರಡು ಕೆಲಸಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಪದಬಲ್ಲ ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರಗಳು.

ಮನೆಯ ಒಂದು ಕೋಣೆಯನ್ನೇ ಧ್ವನಿಮುದ್ರಣಕ್ಕೆ ಸಜ್ಜು ಮಾಡಿಕೊಳ್ಳಬೇಕೆನ್ನುವವರು ನಮ್ಮ ಕೊಡಗಿನಲ್ಲಿ ಅಲ್ಲಲ್ಲಿ ಇದ್ದಾರೆ. ದುಡಿ ಬಾರಿಸುತ್ತ ಹಾಡುವ ಕೊಡವ ಜನಪದ ಹಾಡಾದ ದುಡಿಕೊಟ್ಟ್ ಪಾಟ್ ಹಾಡುವ ಹಿರಿಯರ ದನಿಯನ್ನು ಕಾಪಿಡಬೇಕೆನ್ನುವವರು, ಇಲ್ಲಿನ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಕಥೆ ಓದಿ ಯೂಟ್ಯೂಬಿಗೆ ಏರಿಸುವವರು, ಕನ್ನಡ ಪುಸ್ತಕಗಳನ್ನು ಓದಿ ಆಡಿಯೋ ಮಾಡುವವರು ಹೀಗೆ ಬೇರೆ ಬೇರೆ ಬಗೆಯವರು. ಇಂಥವರ ಉಪಯೋಗಕ್ಕೆಂದು, ಕಡಿಮೆ ಖರ್ಚಿನಲ್ಲಿ ಕೋಣೆಯನ್ನು ಹದಗೊಳಿಸುವ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಪದಗಳ ತೊಡಕು ಎದುರಾಗಿದೆ. ಇದು ಬರಿಯ ಶೈಲಿಯ ತೊಡಕಾಗಿದ್ದರೆ ನಿಮ್ಮನ್ನು ತೊಂದರೆಪಡಿಸುತ್ತಿರಲಿಲ್ಲ. ತಪ್ಪು ಪದವನ್ನು ನಂಬಿದವರು ತಪ್ಪು ಸಾಮಾನಿಗೆ ಹಣ ಸುರಿಯುತ್ತಾರೆ ಎಂಬುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಮುಂದಿಡುತ್ತಿದ್ದೇನೆ.

ಅಂಗಡಿಗೆ ಹೋಗಿ ಕೇಳಿದರೆ ಎಲ್ಲದಕ್ಕೂ ಸಿಗುವುದು ‘ಸೌಂಡ್ ಪ್ರೂಫ್’ ಎಂಬ ಒಂದೇ ಹೆಸರು. ಮೊಟ್ಟೆ ಮೊಟ್ಟೆಯಾಗಿ ಕಾಣುವ ಕಪ್ಪು ಫೋಮ್ ಹಾಳೆಯೂ ಸೌಂಡ್ ಪ್ರೂಫ್, ದಪ್ಪ ಪರದೆಯೂ ಸೌಂಡ್ ಪ್ರೂಫ್, ಥರ್ಮೋಕೋಲೂ ಸೌಂಡ್ ಪ್ರೂಫ್. ನಾವು ಅದನ್ನು ‘ಧ್ವನಿನಿರೋಧಕ’ ಅಥವಾ ‘ಶಬ್ದನಿರೋಧಕ’ ಎಂದು ಅನುವಾದಿಸಿ ಕೈತೊಳೆದುಕೊಂಡಿದ್ದೇವೆ. ನಿರೋಧವೆಂದರೆ ತಡೆಯುವುದು. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದಕ್ಕೆ ಬೇಕಾದದ್ದು ತೂಕ ಮತ್ತು ಬಿರುಕಿಲ್ಲದ ಮುಚ್ಚಿಕೆ. ಗೋಡೆಯ ತೂಕ ಎರಡರಷ್ಟಾದರೆ ಆಚೆಗೆ ದಾಟುವ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ ಎಂಬುದು ಧ್ವನಿವಿಜ್ಞಾನದ ಸ್ಥೂಲ ನಿಯಮ. ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದ ಫೋಮ್ ಹಾಳೆ ಈ ಕೆಲಸವನ್ನು ಮಾಡಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಂಕ್ ಶೀಟಿನ ಮಾಡಿನ ಮೇಲೆ ಬಡಿಯುವ ಮಳೆಯ ಸದ್ದನ್ನು ತಡೆಯುತ್ತದೆಂದು ನಂಬಿ ಗೋಡೆಗೆಲ್ಲ ಫೋಮ್ ಅಂಟಿಸಿದ ಮನೆಗಳನ್ನು ಕಂಡಿದ್ದೇನೆ. ಮಳೆಯ ಸದ್ದು ಮೊದಲಿನಂತೆಯೇ ಕೇಳುತ್ತದೆ. ಮನೆಯವರು ಮಾತ್ರ ಸಾಮಾನು ಕಳಪೆಯೆಂದು ಅಂಗಡಿಯವರನ್ನು ಬೈಯುತ್ತಾರೆ. ಸಾಮಾನು ಕಳಪೆಯಲ್ಲ, ಅದಕ್ಕೆ ಇಟ್ಟ ಹೆಸರು ಅದರ ಕೆಲಸದ್ದಲ್ಲ.

ಫೋಮ್, ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು), ಕಂಬಳಿ ಮೊದಲಾದವು ಮಾಡುವ ಕೆಲಸ ಬೇರೆ. ಕೋಣೆಯೊಳಗೆ ಹುಟ್ಟಿದ ದನಿ ಗೋಡೆಗೆ ಬಡಿದು ಮರಳಿ ಮೈಕಿಗೆ ಬಾರದಂತೆ ಅವು ನೋಡಿಕೊಳ್ಳುತ್ತವೆ. ಒಂದರ ಕೆಲಸ ಸದ್ದು ಆಚೆ ದಾಟದಂತೆ ಮಾಡುವುದು, ಇನ್ನೊಂದರದು ಹಿಂದಿರುಗದಂತೆ ಮಾಡುವುದು. ಈ ಎರಡನೆಯ ಕೆಲಸಕ್ಕೆ ಕನ್ನಡದಲ್ಲಿ ಒಪ್ಪುವ ಪದ ಯಾವುದು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಇದನ್ನು ಮೊದಲು ಅಳೆದು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಕ್ಲೆಮೆಂಟ್ ಸಬೀನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಕಲಸಿಹೋಗುತ್ತಿದ್ದುದನ್ನು ಸರಿಪಡಿಸುವ ಹೊಣೆ 1895ರಲ್ಲಿ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿ ಪೂರ್ತಿ ಅಡಗುವುದಕ್ಕೆ ಹಿಡಿಯುವ ಕಾಲವನ್ನು ಕಿವಿಯಿಂದಲೇ ಆಲಿಸಿ ಅಳೆದರು. ಮೊದಲು ಮೆತ್ತೆಗಳ ಲೆಕ್ಕದಲ್ಲಿ ಹೇಳುತ್ತಿದ್ದ ಅಳತೆಯನ್ನು ಅನಂತರ ‘ತೆರೆದ ಕಿಟಕಿ’ಯ ಲೆಕ್ಕಕ್ಕೆ ತಂದರು. ತೆರೆದ ಕಿಟಕಿಗೆ ಬಡಿದ ದನಿ ಹಿಂದಿರುಗುವುದೇ ಇಲ್ಲವಾದ್ದರಿಂದ ಅದರ ಗುಣಾಂಕ, ಎಂದರೆ ಬಡಿದ ದನಿಯಲ್ಲಿ ಹಿಂದಿರುಗದ ಪಾಲು, 1. ಬಣ್ಣ ಬಳಿದ ಗಾರೆ ಗೋಡೆಯದು 0.02ರಿಂದ 0.03ರಷ್ಟು. ಪದಚರ್ಚೆಯ ದೃಷ್ಟಿಯಿಂದ ಈ ಕಿಟಕಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಿಟಕಿ ಏನನ್ನೂ ತಡೆಯುವುದಿಲ್ಲ, ಆದರೂ ಈ ಅಳತೆಯಲ್ಲಿ ಅದಕ್ಕೇ ಪೂರ್ಣಾಂಕ. ‘ನಿರೋಧಕ’ ಎಂಬ ಪದ ಇಲ್ಲಿ ಎಷ್ಟು ತಲೆಕೆಳಗು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಲೆಕ್ಕವನ್ನು ಒಂದು ಮಾದರಿ ಕೋಣೆಗೆ ಹಾಕಿ ನೋಡಬಹುದು. ಸುಮಾರು 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ, ಸಿಮೆಂಟ್ ಗಾರೆಯ ಬರಿ ಕೋಣೆಯಲ್ಲಿ ದನಿ ಅಡಗುವುದಕ್ಕೆ, ಈ ಅಳತೆಗಳಿಂದ ಸಬೀನ್ ಕಂಡುಕೊಂಡ ಸೂತ್ರದ ಪ್ರಕಾರ, ಎರಡೂಮುಕ್ಕಾಲು ಸೆಕೆಂಡಿನಷ್ಟು ಬೇಕು. ಅದೇ ಕೋಣೆಯಲ್ಲಿ 10 ಚದರ ಮೀಟರಿನಷ್ಟು ಜಾಗಕ್ಕೆ 50 ಮಿಲಿಮೀಟರ್ ದಪ್ಪದ ಗ್ಲಾಸ್ ವೂಲ್ ಹಲಗೆಗಳನ್ನು ಹಾಕಿದರೆ ನಡುಸ್ತರದ ದನಿಗೆ ಆ ಅವಧಿ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಸಣ್ಣ ಕೋಣೆಗಳಿಗೆ ಈ ಸೂತ್ರ ಅಂದಾಜಷ್ಟೇ, ಆದರೂ ಎಷ್ಟು ಸಾಮಾನು ಬೇಕೆಂದು ಮೊದಲೇ ತಿಳಿಯುವುದಕ್ಕೆ ಸಾಕು. ಗೋಡೆಯನ್ನೆಲ್ಲ ಮುಚ್ಚಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕಡಿಮೆ ಖರ್ಚಿನ ಮಾತು ಶುರುವಾಗುವುದೇ ಇಲ್ಲಿಂದ.

ಈಗ ಪದಕ್ಕೆ ಬರುತ್ತೇನೆ. ಪಠ್ಯದ ಧಾಟಿಯ ಬರಹಗಳಲ್ಲಿ ‘ಶೋಷಣೆ’, ‘ಅವಶೋಷಣೆ’ ಎಂಬ ಪದಗಳಿವೆ. ‘ಶುಷ್’ ಧಾತುವಿನಿಂದ ಬಂದ ಶೋಷಣಕ್ಕೆ ಒಣಗಿಸುವುದು, ಹೀರುವುದು ಎಂಬ ಅರ್ಥ ನ್ಯಾಯವಾಗಿಯೇ ಇದೆ. ಆದರೆ ಇಂದಿನ ಕನ್ನಡದಲ್ಲಿ ‘ಧ್ವನಿ ಶೋಷಣೆ’ ಎಂದು ಬರೆದರೆ ಓದುಗರು ಯಾವುದೋ ಹೋರಾಟದ ಕರಪತ್ರವೆಂದುಕೊಂಡಾರು. ‘ಅವ’ ಸೇರಿಸಿದ ಮಾತ್ರಕ್ಕೆ ಆ ವಾಸನೆ ಹೋಗುವುದಿಲ್ಲ.

‘ಹೀರಿಕೆ’ ಇದಕ್ಕಿಂತ ಎಷ್ಟೋ ಮೇಲು. ಬೇರು ನೀರು ಹೀರುತ್ತದೆ, ಬಟ್ಟೆ ಹೀರುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಆದರೂ ನನಗೆ ಎರಡು ಅನುಮಾನಗಳಿವೆ. ಒಂದು, ಹೀರಿದ್ದು ಹೀರಿದ ವಸ್ತುವಿನೊಳಗೆ ಉಳಿದಿರುತ್ತದೆಂಬ ಭಾವನೆ ಈ ಪದದ ಜೊತೆಗೇ ಬರುತ್ತದೆ. ಗ್ಲಾಸ್ ವೂಲ್‌ನೊಳಗೆ ಸದ್ದು ಉಳಿಯುವುದಿಲ್ಲ. ಎಳೆಗಳ ನಡುವಿನ ಗಾಳಿ ಅಲುಗಿ, ಎಳೆಗಳಿಗೆ ತಿಕ್ಕಿ, ಸದ್ದಿನ ಶಕ್ತಿ ಅತ್ಯಲ್ಪ ಶಾಖವಾಗಿ ಮುಗಿದುಹೋಗುತ್ತದೆ. ಇನ್ನೊಂದು, ‘ಧ್ವನಿ’ ಎಂಬುದಕ್ಕೆ ಕಂಠಸ್ವರವೆಂಬ ಅರ್ಥವೂ ಇರುವುದರಿಂದ ‘ಧ್ವನಿ ಹೀರುವ ಹಲಗೆ’ ಎಂದಾಗ ಹಾಡುವವರ ಗಂಟಲಿನ ಸತ್ವವನ್ನೇ ಅದು ಎಳೆದುಕೊಳ್ಳುತ್ತದೆಂಬ ಭಯ ಕೆಲವರಿಗೆ ಬರುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಫೋಮ್ ಹಾಕಿದ ಕೋಣೆಯಲ್ಲಿ ಹಾಡಲು ಕೂತ ಹಿರಿಯರು, ಇಲ್ಲಿ ದನಿಯೇ ಏಳುವುದಿಲ್ಲವಲ್ಲ ಎಂದು ಗೊಣಗುವುದನ್ನು ಕೇಳಿದವನು ನಾನು. ಗೋಡೆ ಮರಳಿಸುತ್ತಿದ್ದ ಪಾಲು ನಿಂತುಹೋದುದೇ ಅದಕ್ಕೆ ಕಾರಣ.

ನನ್ನ ಒಲವು ‘ಇಂಗು’ ಎಂಬ ಕ್ರಿಯಾಪದದ ಕಡೆಗೆ. ಮಳೆನೀರು ನೆಲಕ್ಕೆ ಇಂಗುತ್ತದೆ ಎನ್ನುತ್ತೇವೆ, ಬಾವಿಯ ನೀರು ಇಂಗಿತು ಎನ್ನುತ್ತೇವೆ. ಒಂದರಲ್ಲಿ ರಂಧ್ರಗಳೊಳಗೆ ಇಳಿಯುವ ಅರ್ಥವಿದೆ, ಇನ್ನೊಂದರಲ್ಲಿ ಇಲ್ಲವಾಗುವ ಅರ್ಥವಿದೆ. ಎರಡೂ ಇಲ್ಲಿಗೆ ಬೇಕು. ‘ಇಂಗುಗುಂಡಿ’ ಎಂಬ ಪದವನ್ನು ಕೃಷಿ ಇಲಾಖೆಯಿಂದ ಹಿಡಿದು ಕಾಫಿ ತೋಟದ ರೈಟರವರೆಗೆ ಎಲ್ಲರೂ ಬಳಸುತ್ತಾರಾದ್ದರಿಂದ, ಅದೇ ಅಚ್ಚಿನಲ್ಲಿ ‘ಸದ್ದಿಂಗು ಹಲಗೆ’ ಎಂದರೆ ಪರಕೀಯವೆನಿಸದು. ವ್ಯಾಕರಣದ ಒಂದು ತೊಡಕಿದೆ: ‘ಇಂಗು’ ಅಕರ್ಮಕ, ಹಾಗಾಗಿ ಸದ್ದು ಇಂಗುತ್ತದೆ, ಹಲಗೆ ಸದ್ದನ್ನು ಇಂಗಿಸುತ್ತದೆ ಎಂದೇ ಹೇಳಬೇಕು. ಅಡುಗೆಯ ಇಂಗಿನ ನೆನಪು ಬಂದು ಓದುಗರು ನಗಬಹುದೆಂದು ಗೆಳೆಯರೊಬ್ಬರು ಎಚ್ಚರಿಸಿದ್ದಾರೆ. ಇಂಗುಗುಂಡಿಯನ್ನು ನೋಡಿ ಯಾರೂ ಒಗ್ಗರಣೆಯನ್ನು ನೆನೆಸಿಕೊಂಡಿಲ್ಲವಾದ್ದರಿಂದ ಆ ಆಕ್ಷೇಪವನ್ನು ನಾನು ಪರಿಗಣಿಸಿಲ್ಲ.

‘ಇಂಗು’ ಪದಕ್ಕೆ ಇನ್ನೊಂದು ಲಾಭವಿದೆ. ಯಾವ ಸಾಮಾನು ಕೆಲಸಕ್ಕೆ ಬರುತ್ತದೆ, ಯಾವುದು ಬಾರದು ಎಂಬುದನ್ನು ಪದವೇ ಪರೀಕ್ಷಿಸಿಕೊಡುತ್ತದೆ. ಒಳಗೆ ಇಳಿಯಲು ದಾರಿಯಿದ್ದರೆ ತಾನೇ ಇಂಗುವುದು? ಥರ್ಮೋಕೋಲಿನ ಗುಳ್ಳೆಗಳೆಲ್ಲ ಬಾಯಿ ಮುಚ್ಚಿದವು, ಆದ್ದರಿಂದ ಅದು ಈ ಕೆಲಸಕ್ಕೆ ನಿರುಪಯುಕ್ತ. ಮೊಟ್ಟೆಯ ಟ್ರೇಗಳ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ತೆಳು ರಟ್ಟಿನಲ್ಲಿ ಇಂಗಲು ಆಳವಿಲ್ಲ, ತೀರಾ ಕೀಚಲು ದನಿಯನ್ನು ಅಷ್ಟಿಷ್ಟು ಚದುರಿಸಬಹುದು. ರೆಕ್ಸಿನ್ ಹೊದಿಸಿದ ಹಲಗೆಯಲ್ಲಿ ಒಳಗೆ ಎಷ್ಟೇ ಒಳ್ಳೆಯ ಸಾಮಾನು ತುಂಬಿದ್ದರೂ ಕೀಚಲು ದನಿ ಹೊದಿಕೆಯಿಂದಲೇ ಮರಳುತ್ತದೆ. ಹೊದಿಸುವ ಬಟ್ಟೆಯನ್ನು ಬಾಯಿಗೊತ್ತಿ ಹಿಡಿದು ಊದಿದಾಗ ಆಚೆ ಹಿಡಿದ ಅಂಗೈಗೆ ಉಸಿರು ತಾಗಬೇಕು, ತಾಗದಿದ್ದರೆ ಆ ಬಟ್ಟೆ ಬೇಡ.

ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವವುಗಳಲ್ಲಿ ಕಾಫಿ ತುಂಬುವ ಗೋಣಿಚೀಲ ಒಂದು. ಒಂದೇ ಪದರವಾದರೆ ಅದು ಹೊದಿಕೆಯ ಬಟ್ಟೆಯಾಗುವುದಕ್ಕಷ್ಟೇ ಸರಿ. ಹಲವು ಪದರಗಳನ್ನು ಸೇರಿಸಿ ಹೊಲಿದು, ಗೋಡೆಯಿಂದ ಒಂದಿಷ್ಟು ದೂರಕ್ಕೆ ತೂಗುಹಾಕಿದರೆ ಗುಣ ಕಾಣುತ್ತದೆ. ದಪ್ಪ ಉಣ್ಣೆಯ ಕಂಬಳಿಗಳನ್ನು ಮಡಿಸಿ ಇಳಿಬಿಡುವುದು ಅದಕ್ಕಿಂತ ಒಳ್ಳೆಯದು. ಅಟ್ಟ ಸೇರಿದ ಹಳೆಯ ನಾರಿನ ಹಾಸಿಗೆ ಇದ್ದರೆ ಅದನ್ನು ಕೊಯ್ದು ಬಳಸಬಹುದು, ತೆಂಗಿನ ನಾರಿನ ಎಳೆಗಳ ನಡುವೆ ಗಾಳಿ ಧಾರಾಳವಾಗಿ ಆಡುತ್ತದೆ. ಹಣ ಕೊಟ್ಟು ಕೊಳ್ಳುವುದಾದರೆ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ಗ್ಲಾಸ್ ವೂಲ್ ಅಥವಾ ರಾಕ್ ವೂಲ್ ಹಾಳೆಯನ್ನು ಕೊಂಡು, ತೋಟದ ಸಿಲ್ವರ್ ಓಕ್ ರೀಪುಗಳಿಂದ 4 ಅಡಿಗೆ 2 ಅಡಿಯ ಚೌಕಟ್ಟು ಕಟ್ಟಿಸಿ, ಬಟ್ಟೆ ಬಿಗಿದುಕೊಳ್ಳುವುದು ಫೋಮ್‌ಗಿಂತ ಬಾಳಿಕೆಯ ದಾರಿ. ಅದನ್ನು ಕತ್ತರಿಸುವಾಗ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇರಲೇಬೇಕು. ಎಳೆಗಳು ಮೈಗೆ ತಾಗಿದರೆ ತುರಿಕೆ.

ಮಳೆಗಾಲದ ಬೂಷ್ಟನ್ನು ಕೈಪಿಡಿಯಲ್ಲಿ ಪ್ರತ್ಯೇಕವಾಗಿಯೇ ಬರೆದಿದ್ದೇನೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಡಿಕೇರಿಯ ಮಳೆಯಲ್ಲಿ ಗೋಡೆಗೆ ಅಂಟಿಸಿದ ಗೋಣಿ, ಹತ್ತಿ, ಉಣ್ಣೆಯೆಲ್ಲ ಹಿಂಬದಿಯಿಂದ ಬೂಷ್ಟು ಹಿಡಿಯುತ್ತವೆ. ಗೋಡೆಗೂ ಹಲಗೆಗೂ ನಡುವೆ ಎರಡು ಮೂರು ಇಂಚು ಬಿಟ್ಟರೆ ಗಾಳಿಯೂ ಆಡುತ್ತದೆ, ತಗ್ಗಿನ ದನಿ ಇಂಗುವುದೂ ಹೆಚ್ಚುತ್ತದೆ. 100 ಹರ್ಟ್ಸ್‌ನ ದನಿಯ ಅಲೆಯ ಉದ್ದ ಸುಮಾರು 3.4 ಮೀಟರ್, ಅದರ ಕಾಲುಭಾಗವೇ 85 ಸೆಂಟಿಮೀಟರ್ ಆದ್ದರಿಂದ ತೆಳುವಾದ ಯಾವ ಹಾಳೆಗೂ ಗಂಭೀರ ಕಂಠದ ಬುಡ ದಕ್ಕುವುದಿಲ್ಲ. ಹಿಂದೆ ಹೆಚ್ಚು ಆಳ ಸಿಗುವಂತೆ ಹಲಗೆಗಳನ್ನು ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ ಎನ್ನುವುದು ಇದಕ್ಕಾಗಿಯೇ. ಬೆಂಕಿಯ ಮಾತನ್ನೂ ಬಿಡುವಂತಿಲ್ಲ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್ ಕ್ಲಬ್ಬಿನಲ್ಲಿ ಗೋಡೆಗೆ ಹಾಕಿದ್ದ ಪಾಲಿಯುರಿಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿ 100 ಮಂದಿ ಸತ್ತರು. ಆ ಫೋಮ್ ಉರಿದಾಗ ಬರುವ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎರಡೂ ಇರುತ್ತವೆ. ಗೋಣಿ, ನಾರು, ಹತ್ತಿಗಳೂ ಸುಲಭವಾಗಿ ಹತ್ತಿಕೊಳ್ಳುವಂಥವೇ. ಸ್ವಿಚ್ ಬೋರ್ಡಿನ ಹತ್ತಿರ, ದೀಪದ ಹತ್ತಿರ ಇವು ಯಾವುವೂ ಬರಬಾರದು.

ಎರಡನೆಯ ಪ್ರಶ್ನೆ ‘ಪ್ರತಿಧ್ವನಿ’ಯದು. ಮಾತು ಮುಗಿದ ಮೇಲೂ ಕೋಣೆಯಲ್ಲಿ ಉಳಿಯುವ ದನಿಗೆ ಎಲ್ಲರೂ ‘ಎಕೋ’ ಎನ್ನುತ್ತಾರೆ, ಬರಹದಲ್ಲಿ ಪ್ರತಿಧ್ವನಿಯಾಗುತ್ತದೆ. ಆದರೆ ಶಾಲೆಯ ಪಾಠದ ಪ್ರಕಾರವೇ, ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ 0.1 ಸೆಕೆಂಡಿನ ಅಂತರ ಬೇಕು, ಎಂದರೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. 12 ಅಡಿಯ ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಇಲ್ಲಿರುವುದು ‘ಅನುರಣನ’. ಘಂಟೆಯನ್ನು ಬಾರಿಸಿದ ಮೇಲೆ ಉಳಿಯುವ ನಾದಕ್ಕೆ ಅಲಂಕಾರಶಾಸ್ತ್ರದಲ್ಲಿಯೂ ಸಲ್ಲುವ ಪದವಿದು, ಅರ್ಥದಲ್ಲಿ ಚೂರೂ ಲೋಪವಿಲ್ಲ. ಕಷ್ಟವೇನೆಂದರೆ ಇಂದು ಅದು ವಿಮರ್ಶಕರ ಪದವಾಗಿದೆ. ಬಡಗಿಯೊಂದಿಗೆ ಚೌಕಟ್ಟಿನ ಅಳತೆ ಮಾತಾಡುವಾಗ ಅನುರಣನವೆಂದರೆ ಆತ ನಮ್ಮ ಮುಖ ನೋಡುತ್ತಾನೆ, ‘ರೂಮು ಗುಂಯ್ ಅಂತದೆ’ ಎಂದರೆ ಥಟ್ಟನೆ ತಲೆಯಾಡಿಸುತ್ತಾನೆ. ‘ಮಾರ್ದನಿ’ ಚೆಲುವಾದ ಪದ, ಆದರೆ ಅದರಲ್ಲೂ ಮರಳಿ ಬರುವ ದನಿಯೆಂಬ ಅರ್ಥವೇ ಮುಂದು. ಹಾಗಾಗಿ ಲೆಕ್ಕ ಬರುವ ಕಡೆ ‘ಅನುರಣನ ಕಾಲ’ ಎಂದೂ ಉಳಿದ ಕಡೆ ‘ಗುಂಯ್ಗುಡುವಿಕೆ’ ಎಂದೂ ಎರಡು ಪದಗಳನ್ನು ಇಟ್ಟುಕೊಳ್ಳುವುದು ನನ್ನ ಯೋಚನೆ. ಒಂದೇ ಬರಹದಲ್ಲಿ ಹೀಗೆ ಎರಡು ಮಜಲಿನ ಪದಗಳನ್ನು ಬೆರೆಸುವುದನ್ನು ಸಂಪಾದಕರು ಒಪ್ಪುವರೇ ಎಂಬುದನ್ನು ಅನುಭವಿಗಳು ತಿಳಿಸಬೇಕು.

ಎದುರುಬದುರು ಬರಿ ಗೋಡೆಗಳ ನಡುವೆ ನಿಂತು ಚಪ್ಪಾಳೆ ತಟ್ಟಿದಾಗ ಟರ್ರೆಂದು ಒಂದರ ಹಿಂದೊಂದು ಬೇಗಬೇಗ ಬರುವ ಸದ್ದಿಗೆ ಬೇರೆಯೇ ಪದ ಬೇಕು, ಏಕೆಂದರೆ ಹಲಗೆಯನ್ನು ಎಲ್ಲಿ ಹಾಕಬೇಕೆಂದು ಮೊದಲು ತೋರಿಸಿಕೊಡುವುದು ಅದೇ. ‘ಕಂಪಿತ ಪ್ರತಿಧ್ವನಿ’ ಎಂದು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ. ‘ಟರ್ರುದನಿ’ ಎಂದರೆ ತೀರ ಹಗುರವಾದೀತೇ?

ಹೊರಗಿನ ಸದ್ದಿಗೆ ‘ಸದ್ದುತಡೆ’, ಒಳಗಿನ ದನಿಗೆ ‘ಸದ್ದಿಂಗು’ ಎಂಬ ಜೋಡಿ ನಿಮಗೆ ಒಪ್ಪಿಗೆಯೇ, ಅಥವಾ ‘ಹೀರಿಕೆ’ಯೇ ಆಗಲೇ ನೆಲೆಯೂರಿದೆ, ಅದನ್ನು ಕದಲಿಸಬಾರದು ಎನ್ನುವಿರಾ ಎಂಬುದನ್ನು ದಯವಿಟ್ಟು ಕಾರಣಸಹಿತ ಬರೆಯಿರಿ. ಆಕಾಶವಾಣಿಯ ಸ್ಟುಡಿಯೋಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ಈ ಬಳಗದಲ್ಲಿದ್ದರೆ, ಅಲ್ಲಿನ ಗೋಡೆಯ ರಂಧ್ರದ ಹಲಗೆಗಳನ್ನು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಿದ್ದರೆಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ಕೊಡವ ತಕ್ಕ್ ಮತ್ತು ಅರೆಭಾಷೆ ಮನೆಮಾತಾಗಿರುವವರು ‘ಗುಂಯ್’ ಎನ್ನುವುದಕ್ಕೆ ತಮ್ಮಲ್ಲಿರುವ ಮಾತನ್ನೂ ಸೇರಿಸಿ ಬರೆಯಬೇಕಾಗಿ ಕೋರಿಕೆ. ಕೈಪಿಡಿಯ ಕೊನೆಯ ಪದಪಟ್ಟಿಯಲ್ಲಿ ಆ ಎರಡು ಭಾಷೆಗಳಿಗೂ ಒಂದೊಂದು ಕಾಲಂ ಬಿಟ್ಟಿದ್ದೇನೆ.