ಅಣ್ಣ, ಭಾನುವಾರದೊಳಗೆ ಅಡ್ವಾನ್ಸ್ ಕೊಡಬೇಡ

ಅಣ್ಣ, ವಾಯ್ಸ್ ಮೆಸೇಜ್ ಕಳಿಸೋಣ ಅಂತಲೇ ಕೂತೆ. ಆದರೆ ಅತ್ತಿಗೆಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ನೀನು ಅರ್ಧ ಕೇಳಿ ನಿಲ್ಲಿಸುತ್ತೀಯ. ಅದಕ್ಕೆ ಬಾಯಲ್ಲಿ ಹೇಳುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆಗುತ್ತದೆ. ಕನ್ನಡಕ ಹಾಕಿಕೊಂಡು ಕೂತುಕೋ.

ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಮೂರು ಸಲ ಓದಿದೆ. ಇಬ್ಬರೂ ಹೋಗಿ, ವಯಸ್ಸಾದವರಿಗೆ ಅಂತಲೇ ಕಟ್ಟಿದ ರಿಟೈರ್‌ಮೆಂಟ್ ಕಮ್ಯುನಿಟಿ ನೋಡಿಕೊಂಡು ಬಂದಿರಿ, ಮಾದರಿ ಮನೆ ತುಂಬಾ ಹಿಡಿಸಿತು, ಭಾನುವಾರದೊಳಗೆ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ, ಈಗಿರುವ ಮನೆ ಮಾರಿ ಆ ದುಡ್ಡು ಇದಕ್ಕೆ ಹಾಕುವ ಯೋಚನೆ. ಕೊನೆಯಲ್ಲಿ ಕೇಳಿದ್ದೀಯ, "ಮೊದಲು ಬಾಡಿಗೆಗೆ ಇದ್ದು ನೋಡಿ ಅಂತ ಮಗಳು ಹೇಳುತ್ತಾಳೆ, ಅದು ಸುಮ್ನೆ ದಂಡ ಅಲ್ವಾ? ನೀವಿಬ್ಬರು ಅಂಥದ್ದೇ ಇನ್ನೊಂದು ಕಡೆ ಬಾಡಿಗೆಗೆ 14 ತಿಂಗಳು ಇದ್ದಿರಲ್ಲ, ಏನನ್ನಿಸಿತು?"

ಮಗಳು ಹೇಳಿದ್ದು ಸರಿ. ನಾವು ಆ 14 ತಿಂಗಳು ಕೊಟ್ಟ ಬಾಡಿಗೆ ಬಗ್ಗೆ ನನಗೆ ಒಂದು ಚೂರೂ ಬೇಜಾರಿಲ್ಲ. ಆ ದುಡ್ಡು ಕೊಟ್ಟಿದ್ದಕ್ಕೇ ಅದರ ಹತ್ತಾರು ಪಟ್ಟು ದುಡ್ಡು ಸಿಕ್ಕಿಹಾಕಿಕೊಳ್ಳದೆ ಉಳಿಯಿತು.

ಮಾದರಿ ಮನೆ ನೋಡಿ ಮರುಳಾಗುವುದು ನಿನ್ನೊಬ್ಬನ ಕಥೆ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಸನ್ ಸಿಟಿ ಅಂತ ಇದೆ, ನಿವೃತ್ತರಿಗೆ ಅಂತಲೇ ಕಟ್ಟಿದ ಊರು. 1960ರ ಜನವರಿ 1ರಂದು ಅದನ್ನು ಶುರು ಮಾಡಿದಾಗ ಐದು ಮಾದರಿ ಮನೆ, ಗಾಲ್ಫ್ ಮೈದಾನ, ಅಂಗಡಿ ಸಾಲು ಎಲ್ಲ ಮೊದಲೇ ಕಟ್ಟಿ ತೋರಿಸಿದರು. ಆ ಒಂದೇ ವಾರಾಂತ್ಯದಲ್ಲಿ ಸುಮಾರು 1 ಲಕ್ಷ ಜನ ಬಂದು ನೋಡಿದರು. ಈ ವ್ಯಾಪಾರ ಬೆಳೆದದ್ದೇ ಹಾಗೆ, ತೋರಿಸಿ ಮಾರುತ್ತಾ. ಮಾದರಿ ಮನೆಯಲ್ಲಿ ಯಾರೂ ವಾಸ ಮಾಡುವುದಿಲ್ಲವಲ್ಲ, ಅಲ್ಲಿ ನಲ್ಲಿ ಸೋರುವುದಿಲ್ಲ, ಪಕ್ಕದ ಮನೆಯ ಟೀವಿ ಗೋಡೆ ದಾಟಿ ಬರುವುದಿಲ್ಲ. ಗೆಸ್ಟ್ ರೂಮಿನಲ್ಲಿ ಎರಡು ದಿನ ಇದ್ದು ನೋಡಿ ಅಂತ ಕರೆದರೂ ಅಷ್ಟೇ. ಆ ಎರಡು ದಿನ ನೀನು ಅತಿಥಿ. ಬಾಡಿಗೆಗೆ ಹೋದ ಮೇಲೆ ಒಂದು ತಿಂಗಳಿಗೆ ನಿನ್ನನ್ನು ಮೆಚ್ಚಿಸುವ ಅವಸರ ಯಾರಿಗೂ ಇರುವುದಿಲ್ಲ. ಆಮೇಲೆ ಕಾಣುವುದೇ ನಿಜವಾದ ಜಾಗ.

ನಮಗೆ ಅದು ಕಂಡದ್ದು ನಾಲ್ಕನೇ ತಿಂಗಳು, ಒಂದು ರಾತ್ರಿ ಎರಡೂಕಾಲಿಗೆ. ನಮ್ಮ ಯಜಮಾನರು ಬಚ್ಚಲಿನಲ್ಲಿ ಕಾಲು ಜಾರಿ ಕೂತುಬಿಟ್ಟರು. ಬಿದ್ದರು ಅನ್ನಬಾರದಂತೆ, "ಕೂತೆ" ಅಂತಲೇ ಇವತ್ತಿಗೂ ಹೇಳುತ್ತಾರೆ. ಗೋಡೆಯ ಮೇಲೆ ಎಮರ್ಜೆನ್ಸಿ ಬೆಲ್ಲಿನ ಕೆಂಪು ಹಗ್ಗ ಇತ್ತು. ಎಳೆದೆ. ಆ ಬೆಲ್ ಎಲ್ಲಿ ಹೊಡೆಯುತ್ತದೆ ಅಂತ ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಗೇಟಿನ ಸೆಕ್ಯುರಿಟಿ ಕೋಣೆಯಲ್ಲಂತೆ. ಪಾಪ, ಆ ಹುಡುಗ ಓಡಿ ಬಂದ. ಇವರನ್ನು ಮುಟ್ಟಲು ಅವನಿಗೂ ಭಯ. ನರ್ಸಿಗೆ ಫೋನ್ ಮಾಡಿದ. ಇವರು ಮಗುಚಿದ ಬಕೆಟ್ಟಿನ ಮೇಲೆ ಕೂತು, ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆವು. ನರ್ಸ್ ಬಂದಾಗ 22 ನಿಮಿಷ ಆಗಿತ್ತು. ಏನೂ ಆಗಿರಲಿಲ್ಲ, ಸೊಂಟ ಒಂದು ವಾರ ಹಿಡಿದುಕೊಂಡಿತ್ತು ಅಷ್ಟೇ. ಆದರೆ ಕರಪತ್ರದಲ್ಲಿ "24 ಗಂಟೆ ವೈದ್ಯಕೀಯ ನೆರವು" ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತಲ್ಲ, ಅದರ ಅರ್ಥ ನನಗೆ ಅವತ್ತು ತಿಳಿಯಿತು. ಹಗಲಿಗೆ ನರ್ಸ್ ಅಲ್ಲೇ ಇರುತ್ತಾರೆ. ರಾತ್ರಿ ಕರೆದರೆ ಬರುತ್ತಾರೆ.

ಮರುದಿನ ಆಫೀಸಿಗೆ ಹೋಗಿ ಜಗಳ ತೆಗೆಯೋಣ ಅಂತ ಹೋದೆ. ಮ್ಯಾನೇಜರ್ ಸಮಾಧಾನವಾಗಿ ಒಂದು ಮಾತು ಹೇಳಿದರು: ರಾತ್ರಿ ನರ್ಸ್ ಮೊದಲು ಇದ್ದರು, ಮೇಂಟೆನೆನ್ಸ್ ಕಡಿಮೆ ಮಾಡಬೇಕು ಅಂತ ಮನೆ ಮಾಲೀಕರೇ ಮತ ಹಾಕಿ ತೆಗೆಸಿದರು. ನನ್ನ ಜಗಳ ಅಲ್ಲೇ ಮುಗಿಯಿತು. ಯಾರ ಹತ್ತಿರ ಆಡಲಿ? ದಿನಾ ಬೆಳಿಗ್ಗೆ ನಮ್ಮ ಜೊತೆ ವಾಕಿಂಗ್ ಬರುವವರೇ ಕೈ ಎತ್ತಿದ್ದರು.

ಅವತ್ತಿನಿಂದ ನಾನು ಅಸೋಸಿಯೇಷನ್ ಮೀಟಿಂಗ್ ತಪ್ಪಿಸಲಿಲ್ಲ. ಬಾಡಿಗೆಯವರಿಗೆ ಮತ ಇಲ್ಲ, ಆದರೆ ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ. ಒಂದು ಮೀಟಿಂಗಿನಲ್ಲಿ ಲಿಫ್ಟ್ ವಿಷಯ ಬಂತು. ಹಳೆಯದಾಗಿದೆ, ತಿಂಗಳಿಗೆ ಎರಡು ಸಲ ನಿಲ್ಲುತ್ತದೆ, ಬದಲಾಯಿಸಬೇಕು. ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ಫಂಡ್ ಸಾಲದು, ಪ್ರತಿ ಮನೆಯೂ ಮೇಲೆ ಒಂದಿಷ್ಟು ಹಾಕಬೇಕು. 62 ವಯಸ್ಸಿನವರು ಒಬ್ಬರು ಎದ್ದು, ಹಾಕೋಣ, ಇನ್ನು 20 ವರ್ಷ ನೆಮ್ಮದಿ ಅಂದರು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಹಿರಿಯರು ತಿರುಗಿ ನೋಡಿ, "20 ವರ್ಷದ ಲಿಫ್ಟ್ ನನಗೆ ಯಾಕಪ್ಪ?" ಅಂದರು. ಎಲ್ಲರೂ ನಕ್ಕರು. ನಕ್ಕು ಮುಂದಕ್ಕೆ ಹಾಕಿದರು.

ಅಣ್ಣ, ಇದು ಬೇರೆ ಅಪಾರ್ಟ್‌ಮೆಂಟಿನಲ್ಲಿ ಇಷ್ಟಾಗಿ ಇರುವುದಿಲ್ಲ. ಅಲ್ಲಿ ಚಿಕ್ಕ ವಯಸ್ಸಿನವರು ಇರುತ್ತಾರೆ, ಮುಂದಿನ 20 ವರ್ಷ ಯಾರಿಗೋ ಬೇಕಿರುತ್ತದೆ. ಇಲ್ಲಿ ಎಲ್ಲರ ಕೈಯೂ ಬಿಗಿ, ಎಲ್ಲರದೂ ಪಿಂಚಣಿ, ಬಡ್ಡಿಯ ಲೆಕ್ಕ. ಅವರದು ತಪ್ಪು ಅಂತ ನಾನು ಹೇಳಲಾರೆ. ಆದರೆ ಕೊಂಡುಕೊಂಡವನು ಆ ಲಿಫ್ಟಿನ ಪಾಲುದಾರ. ನಾನು ಹಿಂದಿನ ಸಾಲಿನಲ್ಲಿ ಕೂತವಳು, ಎದ್ದು ಬಂದೆ. ನೀನು ನೋಡಿದ ಜಾಗ ಹೊಸದು, ಈಗ ಫಂಡ್ ಎಷ್ಟಿದೆ, ಯಾರ ಕೈಯಲ್ಲಿದೆ, ಬಿಲ್ಡರ್ ಅದನ್ನು ಯಾವಾಗ ಅಸೋಸಿಯೇಷನ್‌ಗೆ ಒಪ್ಪಿಸುತ್ತಾನೆ, ಇದನ್ನೆಲ್ಲ ಕೇಳಿದೆಯಾ?

ಇನ್ನು ನಮ್ಮ ಮನೆ ಒಡತಿ. ಕೀ ಕೊಡುವ ದಿನ ಅವರು ಸುಮ್ನೆ ಮಾತಿಗೆ ಅಂತ ಹೇಳಿದ್ದು ನನಗೆ ಆಮೇಲೆ ಅರ್ಥ ಆಯಿತು. ಅದು ಅವರ ತಾಯಿಯ ಮನೆ. ತಾಯಿ ತೀರಿಕೊಂಡು ಎರಡು ವರ್ಷ, ಮಾರಲು ಇಟ್ಟಿದ್ದಾರೆ, ಹೋಗುತ್ತಿಲ್ಲ. ವಯಸ್ಸಿನ ನಿಯಮ ಇರುವುದರಿಂದ ಮಗಳು ತಾನೇ ಬಂದು ಇರುವ ಹಾಗೂ ಇಲ್ಲ. ಇಂಥ ಜಾಗಕ್ಕೆ ಗಿರಾಕಿ ಅಂದರೆ ಇಷ್ಟು ವಯಸ್ಸು ದಾಟಿದವರೇ ಆಗಬೇಕು, ಅವರಿಗೆ ಆ ಬ್ಲಾಕು, ಆ ಮಹಡಿ ಒಪ್ಪಿಗೆ ಆಗಬೇಕು. ಅದೇ ಹೊತ್ತಿಗೆ ಬಿಲ್ಡರ್ ಪಕ್ಕದಲ್ಲೇ ಹೊಸ ಬ್ಲಾಕ್ ಕಟ್ಟಿ ಮಾರುತ್ತಿದ್ದರೆ ಹಳೆಯದನ್ನು ಕೇಳುವವರು ಇನ್ನೂ ಕಡಿಮೆ. ಬೀಗ ಹಾಕಿದ ಮನೆಗೂ ಪ್ರತಿ ತಿಂಗಳು ಮೇಂಟೆನೆನ್ಸ್ ಬೀಳುತ್ತಲೇ ಇರುತ್ತದೆ. ನಮ್ಮ ಬಾಡಿಗೆಯಲ್ಲಿ ಅದು ಕಳೆದು ಅವರಿಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಮತ್ತೊಂದು. ನಿನಗೆ ಕೊಡುತ್ತಿರುವುದು ಮನೆಯೋ, ಇರುವಷ್ಟು ದಿನ ಇರುವ ಹಕ್ಕೋ, ಕಾಗದ ನೋಡಿದೆಯಾ? ಎರಡೂ ಥರ ಇವೆ. ನ್ಯೂಜಿಲೆಂಡಿನಲ್ಲಿ ಹೆಚ್ಚಿನ ಕಡೆ ಇರುವ ಹಕ್ಕನ್ನೇ ಮಾರುತ್ತಾರೆ. ಬಿಟ್ಟು ಹೋಗುವಾಗ ಕಟ್ಟಿದ ಹಣದಲ್ಲಿ ಸಾಮಾನ್ಯವಾಗಿ 20ರಿಂದ 30 ಶೇಕಡ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಆದರೆ ಅಲ್ಲಿ 2003ರ ಕಾನೂನಿನ ಪ್ರಕಾರ ಸಹಿ ಹಾಕುವ ಮುಂಚೆ ನಿನ್ನದೇ ವಕೀಲರ ಹತ್ತಿರ ಸಲಹೆ ಪಡೆಯಲೇಬೇಕು, ಸಹಿ ಹಾಕಿದ ಮೇಲೂ 15 ಕೆಲಸದ ದಿನಗಳೊಳಗೆ ಬೇಡ ಅನ್ನಬಹುದು. ಒಂದು ದೇಶದ ಕಾನೂನೇ ಮೂರು ವಾರ ಯೋಚನೆ ಮಾಡಿ ಅನ್ನುತ್ತದೆ, ನಿನ್ನ ಸೇಲ್ಸ್ ಹುಡುಗ ಭಾನುವಾರದೊಳಗೆ ಅನ್ನುತ್ತಾನೆ.

ಬಾಡಿಗೆಯಲ್ಲಿ ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ಕೆಲವು ಕಡೆ ಬಾಡಿಗೆಗೆ ಬಿಡುವುದೇ ಇಲ್ಲ. ಮಾಲೀಕರು ಬಿಡಿ ಅಂದರೆ ಬಿಡಬೇಕು. ಈ ವಯಸ್ಸಿನಲ್ಲಿ ಎರಡು ಸಲ ಸಾಮಾನು ಕಟ್ಟುವುದು ಹುಡುಗಾಟ ಅಲ್ಲ, ನಾವು ವಾಪಸ್ ಬಂದಾಗ ಇವರ ಪುಸ್ತಕದ ಪೆಟ್ಟಿಗೆ ಎತ್ತುವುದರಲ್ಲೇ ನನಗೆ ಸಾಕುಸಾಕಾಯಿತು. ಒಂದು ವರ್ಷದಲ್ಲಿ ರೇಟ್ ಏರಲೂಬಹುದು. ಏರಲಿ. ಕೊಂಡು, ಸರಿಹೋಗದೆ ಮಾರುವುದಾದರೆ ರಿಜಿಸ್ಟ್ರೇಷನ್, ತೆರಿಗೆ, ಬ್ರೋಕರ್ ಅಂತ ಹೋಗುವ ದುಡ್ಡಿನ ಮುಂದೆ ನಿನ್ನ ರಿಯಾಯಿತಿ ಎಷ್ಟು ಅಂತ ಒಂದು ಸಲ ಬರೆದು ನೋಡು.

ಹೋಗುವುದಾದರೆ ಕಡೇಪಕ್ಷ ಒಂದು ವರ್ಷ ಇರು. ಅಲ್ಲಿನ ಅತಿ ಕೆಟ್ಟ ಹವೆಯನ್ನೂ ನೋಡಿಬಿಡಬೇಕು. ಒಳ್ಳೆಯ ಬ್ಲಾಕು ಬೇಡ, ಸಾಧಾರಣ ಬ್ಲಾಕಿನಲ್ಲಿ ತಗೋ. ಅಗ್ರಿಮೆಂಟಿನಲ್ಲಿ ಎರಡು ಮಾತು ಬರೆಸು: ಮೇಂಟೆನೆನ್ಸ್ ಯಾರು ಕೊಡುವುದು, ಕ್ಲಿನಿಕ್ಕು, ಡೈನಿಂಗ್ ಹಾಲ್, ಎಮರ್ಜೆನ್ಸಿ ಬೆಲ್ಲು ಬಾಡಿಗೆಯವರಿಗೂ ಇದೆಯಾ ಅಂತ. ಆ ಬೆಲ್ಲನ್ನು ಮೊದಲ ವಾರವೇ ಒಂದು ರಾತ್ರಿ ಎಳೆದು ನೋಡು, ಸುಳ್ಳೇ ಆದರೂ ಪರವಾಗಿಲ್ಲ, ಬೈಸಿಕೋ. ಈಗಿರುವ ಮನೆ ಮಾತ್ರ ಮಾರಬೇಡ. ಬೀಗ ಹಾಕು, ಇಲ್ಲ ಅದನ್ನೂ ಬಾಡಿಗೆಗೆ ಕೊಡು, ವಾಪಸ್ ಬರುವ ದಾರಿ ಇರಲಿ.

ಈಗ ನಾವು ಯಾಕೆ ಕೊಳ್ಳಲಿಲ್ಲ ಅನ್ನುವುದು. ಗ್ರೂಪಿನಲ್ಲಿ ಯಾರಿಗೂ ಇದನ್ನು ಸರಿಯಾಗಿ ಹೇಳಿಲ್ಲ. ನರ್ಸು, ಲಿಫ್ಟು ಎಲ್ಲ ನೆಪ. ಇವರಿಗೆ ಅಲ್ಲಿ ಸ್ವರ್ಗ. ಬೆಳಿಗ್ಗೆ ವಾಕಿಂಗ್, ಹನ್ನೊಂದಕ್ಕೆ ಕೇರಂ, ಸಂಜೆ ಹರಟೆ. ಹತ್ತು ವರ್ಷ ಚಿಕ್ಕವರಾದ ಹಾಗಿದ್ದರು. ನಾನು ಮಾತ್ರ ಮಂಕಾದೆ. ಅಡುಗೆ ಇಲ್ಲ, ಅಂಗಡಿಗೆ ಹೋಗುವುದಿಲ್ಲ, ಬಾಗಿಲು ತಟ್ಟುವವರಿಲ್ಲ, ಗಲಾಟೆ ಮಾಡುವ ಒಂದು ಮಗು ಇಲ್ಲ. ಮೊದಲ ಮೂರು ತಿಂಗಳು ಆರಾಮ ಅನ್ನಿಸಿತು. ಆರನೇ ತಿಂಗಳಿಗೆ ಮಧ್ಯಾಹ್ನ ಎರಡು ಗಂಟೆಗೆ ಕಿಟಕಿ ಹತ್ತಿರ ನಿಂತು, ಹೊರಗೆ ರಸ್ತೆಯಲ್ಲಿ ಸ್ಕೂಲ್ ಬಸ್ ಹೋಗುವುದನ್ನು ಕಾಯುತ್ತಿದ್ದೆ. ಡೈನಿಂಗ್ ಹಾಲ್‌ನಲ್ಲಿ ಒಂದು ಕುರ್ಚಿ ಖಾಲಿ ಆದರೆ ಒಂದು ವಾರ ಯಾರೂ ಅದರಲ್ಲಿ ಕೂರುವುದಿಲ್ಲ. ಆಮೇಲೆ ಹೊಸಬರು ಬಂದು ಗೊತ್ತಿಲ್ಲದೆ ಕೂರುತ್ತಾರೆ. ನಾವು ಹೋದ ದಿನ ನಾನೂ ಹಾಗೆಯೇ ಕೂತಿದ್ದೆ ಅಂತ ತುಂಬಾ ದಿನ ಆದ ಮೇಲೆ ಗೊತ್ತಾಯಿತು.

ಇವರಿಗೆ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಮನೆ ಕೊಂಡಿದ್ದರೆ ಹೇಳುತ್ತಲೇ ಇರಲಿಲ್ಲ, ಅದು ನನಗೆ ಗೊತ್ತು. ಇಷ್ಟು ದುಡ್ಡು ಹಾಕಿದ ಮೇಲೆ ಯಾವ ಬಾಯಲ್ಲಿ ಹೇಳಲಿ ಅಂತ ನುಂಗಿಕೊಂಡು ಇದ್ದುಬಿಡುತ್ತಿದ್ದೆ. ಹೇಳಿದ ದಿನ ಇವರಿಗೆ ಬೇಜಾರಾಯಿತು. ಎರಡು ದಿನ ಮಾತಿಲ್ಲ. ಮೂರನೇ ದಿನ, "ನಾನೇ ಮೊದಲು ಹೋಗಿಬಿಟ್ಟರೆ ನೀನು ಒಬ್ಬಳೇ ಇಲ್ಲಿ ಇರುತ್ತೀಯಾ?" ಅಂತ ಕೇಳಿದರು. ಇಲ್ಲ ಅಂದೆ. ಅಗ್ರಿಮೆಂಟ್ ಮುಗಿಯುವವರೆಗೆ ಇದ್ದು ಬಂದೆವು. ಈಗಲೂ ವಾರಕ್ಕೊಂದು ಸಲ ಇವರು ಅಲ್ಲಿಗೆ ಕೇರಂ ಆಡಲು ಹೋಗುತ್ತಾರೆ. ನಮ್ಮ ಬಚ್ಚಲಿಗೆ ಹಿಡಿ ಹಾಕಿಸಿದ್ದೇವೆ. ಮುಂದೆ ಮೈಯಲ್ಲಿ ಆಗದಿದ್ದಾಗ ಮತ್ತೆ ಹೋಗಬೇಕಾಗಬಹುದು, ಆಗಲೂ ಬಾಡಿಗೆಗೇ ಹೋಗುತ್ತೇವೆ.

ನಿನಗೆ ಅಲ್ಲಿ ಹಿಡಿಸುತ್ತದೆ ಅಣ್ಣ, ಅದರಲ್ಲಿ ಅನುಮಾನ ಇಲ್ಲ. ನೀನು ಬಸ್ ಸ್ಟ್ಯಾಂಡಿನಲ್ಲೂ ಸ್ನೇಹಿತರನ್ನು ಮಾಡಿಕೊಳ್ಳುವವನು. ಆದರೆ ನಿನ್ನ ಮೆಸೇಜಿನಲ್ಲಿ "ನಮಗೆ ಇಷ್ಟ ಆಯಿತು" ಅಂತ ನಾಲ್ಕು ಸಲ ಇದೆ, ಅತ್ತಿಗೆ ಏನಂದರು ಅಂತ ಒಂದು ಸಲವೂ ಇಲ್ಲ. ನಿನ್ನೆಯಿಂದ ಗ್ರೂಪಿನಲ್ಲಿ ಎಲ್ಲರೂ ಏನೇನೋ ಬರೆದರು, ಅವರದು ಒಂದು ಅಕ್ಷರ ಇಲ್ಲ. ಇವತ್ತು ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. ಫೋನ್ ಅತ್ತಿಗೆ ಕೈಗೆ ಕೊಟ್ಟು, ನೀನು ಸ್ವಲ್ಪ ಹೊತ್ತು ಹೊರಗೆ ಓಡಾಡಿಕೊಂಡು ಬಾ.